ತುಕ್ಕಿನ ಮೇಲೆ ಬಣ್ಣ: ಬೀದರ್‌ನ ಒಂದು ಪ್ರಕರಣ

2023ರ ಫೆಬ್ರವರಿ 22, ಬೂದಿ ಬುಧವಾರ, ಈಸ್ಟರ್‌ಗೆ ಮೊದಲಿನ ಉಪವಾಸ ಕಾಲ ಶುರುವಾಗುವ ದಿನ. ಆರಾಧನೆ ಮುಗಿದು ನಾನು ಚಪ್ಪಲಿ ಹುಡುಕುತ್ತಿದ್ದೆ. ಹಿಂದಿನಿಂದ ಒಬ್ಬ ಬಂದು ನಿಂತ. "ಅಣ್ಣಾ, ಐದ್ ನಿಮಿಷ ಮಾತಾಡೋದದ" ಎಂದ. ಐದು ನಿಮಿಷ ಎಂದವನು ಎರಡು ತಾಸು ಕೂತ. ನಮ್ಮ ಚರ್ಚಿನ ಸುಗ್ಗಿ ಹಬ್ಬದ ದುಡ್ಡಿನಲ್ಲಿ 35,000 ರೂಪಾಯಿ ಇಲ್ಲ. ಅದು ಕಳುವಾಗಿಲ್ಲ, ಅವನೇ ಮೊಬೈಲಿನಲ್ಲಿ ರಮ್ಮಿ ಆಡಿ ಕಳೆದಿದ್ದಾನೆ. ಎರಡು ತಾಸಿನಲ್ಲಿ ಅವನು ಹೇಳಿದ್ದು ಇಷ್ಟೇ. ಉಳಿದದ್ದೆಲ್ಲ ಅಳು.

ಅವನನ್ನು ಇಲ್ಲಿ ತಮ್ಮ ಎಂದು ಕರೆಯುತ್ತೇನೆ. ಹೆಸರು, ಓಣಿ, ಸಭೆ (ಅಂದರೆ ಚರ್ಚು) ಯಾವುದೂ ಬೇಡ. ಅವನೂ ಅವನ ಹೆಂಡತಿಯೂ ಇದನ್ನು ಓದಿ ಒಪ್ಪಿದ್ದಾರೆ. ಅವಳು ಎರಡು ಕಡೆ ತಿದ್ದಿಸಿದಳು. ಎರಡೂ ಕಡೆ ನಾನು ಅವಳ ಗಂಡನ ಬಗ್ಗೆ ಸ್ವಲ್ಪ ಚೆಂದ ಮಾಡಿ ಬರೆದಿದ್ದೆ.

ಬೀಳಲು ಜಾಗ ಇಲ್ಲದವನು

ಆಗ ಅವನಿಗೆ 38 ವರ್ಷ. ನೌಬಾದ್ ಕಡೆ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಗ್ರಿಲ್ಲು, ಪತ್ರಾ ಶೆಡ್ಡು ಅವನ ಕೆಲಸ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇಬ್ಬರು ಮಕ್ಕಳು.

2011ರವರೆಗೆ ಅವನು ಕುಡಿಯುತ್ತಿದ್ದ. ಆ ವರ್ಷ ನವೆಂಬರಿನಲ್ಲಿ ಅವನ ತಾಯಿ ಅವನನ್ನು ರೈಲು ಹತ್ತಿಸಿ ವಿಕಾರಾಬಾದ್ ಕಡೆಗೆ, ಧಾರೂರಿನಲ್ಲಿ ನಡೆಯುವ ನಮ್ಮ ಮೆಥೋಡಿಸ್ಟ್ ಕ್ರೈಸ್ತ ಪಂಗಡದ ಜಾತ್ರೆಗೆ ಕರೆದುಕೊಂಡು ಹೋದಳು. ಬೀದರ್ ಕಡೆಯ ನಮ್ಮ ಮಂದಿಗೆ ಆ ಜಾತ್ರೆ ಹೊಸದಲ್ಲ. ಗಂಟು ಕಟ್ಟಿಕೊಂಡು ಹೋಗಿ, ಅಡವಿಯಲ್ಲಿ ಒಲೆ ಹೂಡಿ, ರಾತ್ರಿ ಇಡೀ ಹಾಡಿ ಬರುತ್ತಾರೆ. ಅಲ್ಲಿಂದ ಬಂದವನು ಮತ್ತೆ ಬಾಟಲಿ ಮುಟ್ಟಲಿಲ್ಲ. ಇದು ನಿಜ, ಈವತ್ತಿಗೂ ನಿಜ.

ಆದರೆ ಆಮೇಲೆ ಆದದ್ದನ್ನೂ ಹೇಳಬೇಕು. ನಾವು ಹನ್ನೊಂದು ವರ್ಷ ಅವನಿಂದ ಅದೇ ಸಾಕ್ಷಿ ಹೇಳಿಸಿದೆವು. ಯುವಕರ ಕೂಟದಲ್ಲಿ, ಉಪವಾಸ ಪ್ರಾರ್ಥನೆಯಲ್ಲಿ, ಹಳ್ಳಿ ಸಭೆಗಳಲ್ಲಿ. ನಾನು ಹಿಂಗಿದ್ದೆ, ಕರ್ತನು ಹಿಂಗ ಮಾಡಿದನು. ದನಿ ಚೆನ್ನಾಗಿತ್ತು, ಹಾಡಿಗೂ ನಿಲ್ಲಿಸಿದೆವು. ನಂಬಿಗಸ್ತ ಎಂದು ಹಬ್ಬದ ದುಡ್ಡನ್ನೂ ಅವನ ಕೈಗೆ ಕೊಟ್ಟೆವು. ಇಷ್ಟು ಎತ್ತರದಲ್ಲಿ ನಿಲ್ಲಿಸಿದ ಮೇಲೆ ಅವನು ಕೆಳಗೆ ಇಳಿದು ಬಂದು "ನನಗೊಂದು ಕಷ್ಟ ಅದ" ಎನ್ನುವುದು ಹೇಗೆ?

ಕಷ್ಟ ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಅಂಗಡಿ ಬಂದ್. ಕೈಯಲ್ಲಿ ಫೋನು. ಆ್ಯಪ್ ಹಾಕಿಕೊಂಡರೆ ಐವತ್ತು ರೂಪಾಯಿ ಅದೇ ಕೊಡುತ್ತಿತ್ತು. ಅದು ಕುಡಿತ ಅಲ್ಲವಲ್ಲ ಎಂದು ಅವನು ತನಗೇ ಹೇಳಿಕೊಂಡ. ವಾಸನೆ ಬರುವುದಿಲ್ಲ, ಕಾಲು ತಡವರಿಸುವುದಿಲ್ಲ, ಹೆಂಡತಿಗೂ ಗೊತ್ತಾಗುವುದಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಇಂಥ ಆಟಗಳನ್ನು ತಡೆಯಲು ಕಾನೂನು ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಸಂಸತ್ತು ನಿಷೇಧ ಹಾಕಿದ್ದು 2025ರ ಆಗಸ್ಟಿನಲ್ಲಿ. ಈ ಪ್ರಕರಣ ಅದಕ್ಕಿಂತ ಮೊದಲಿನದು.

2022ರ ಸುಗ್ಗಿ ಹಬ್ಬದಲ್ಲಿ ಮಂದಿ ಜೋಳ, ತೊಗರಿ, ಉದ್ದು ತಂದು ಇಟ್ಟರು. ಆರಾಧನೆ ಆದ ಮೇಲೆ ಕುಂಬಳಕಾಯಿ, ಕೋಳಿ ಎಲ್ಲ ಹರಾಜು. ಯಾರೋ ಹುರುಪಿನಲ್ಲಿ ಒಂದು ಹುಂಜಕ್ಕೆ ಎರಡು ಸಾವಿರ ಕೂಗಿದರು, ನಕ್ಕೆವು. ಆ ದುಡ್ಡೆಲ್ಲ ಅವನ ಅಂಗಡಿಯ ಕಬ್ಬಿಣದ ಕಪಾಟಿನಲ್ಲಿತ್ತು. ಮೊದಲು ಎರಡು ಸಾವಿರ ತೆಗೆದ. ಗೆದ್ದು ಇಡುತ್ತೇನೆ ಎಂದುಕೊಂಡ. ನಿಜ ಹೇಳಬೇಕೆಂದರೆ ಒಮ್ಮೆ ಗೆದ್ದು ಇಟ್ಟೂ ಇದ್ದ. ಅದೇ ಅವನನ್ನು ಕೆಡಿಸಿತು.

ನಾವು ಮಾಡಿದ ಅವಸರ

ನಾನು ಪಾಸ್ಟರ್ ಅಯ್ಯನವರಿಗೆ ಹೇಳಿದೆ. ಅವರು ಐದು ಮಂದಿಯನ್ನು ಕೂಡಿಸಿದರು. ಅವನು ಮೊಣಕಾಲೂರಿ ಅತ್ತ. ನಾವು ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸಿದೆವು. ಪಾಪಗಳನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿ ಕ್ಷಮಿಸುತ್ತಾನೆ ಎಂಬ ಯೋಹಾನನ ಮೊದಲ ಪತ್ರದ ಮಾತನ್ನು ನಾನೇ ಓದಿದೆ. ಸಭೆಯ ಒಬ್ಬ ಅನುಕೂಲಸ್ಥರು ಮರುದಿನವೇ 35,000 ತಂದು ಡಬ್ಬಿ ತುಂಬಿಸಿದರು. ಸಭೆಯ ಹೆಸರು ಕೆಡಬಾರದು ಎಂಬುದು ಅವರ ಕಾಳಜಿ. ನನ್ನದೂ ಅದೇ ಆಗಿತ್ತು ಅನ್ನಿ. ಆ ಕೂಟ ನಲವತ್ತು ನಿಮಿಷದಲ್ಲಿ ಮುಗಿದಿತ್ತು.

ಆ ಸಂಜೆ ಯಾರೂ ಕೇಳದ ಪ್ರಶ್ನೆಗಳು ಈಗ ನನಗೆ ಕಾಣುತ್ತವೆ. ಬೇರೆ ಸಾಲ ಎಷ್ಟಿದೆ? ಆ್ಯಪ್ ಇನ್ನೂ ಫೋನಿನಲ್ಲಿದೆಯಾ? ಹೆಂಡತಿಗೆ ಗೊತ್ತಾ? ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಹೇಳದೆ ಐದು ಗಂಡಸರು ಕೂತು ಕ್ಷಮೆ ಕೊಟ್ಟು ಎದ್ದು ಬಂದಿದ್ದೆವು.

ಆರು ವಾರ ಕಳೆದು ಈಸ್ಟರ್ ಬಂತು, ಏಪ್ರಿಲ್ 9. ನಸುಕಿನ ಆರಾಧನೆಯಲ್ಲಿ ಸಾಕ್ಷಿ ಹೇಳು ಎಂದು ಅವನಿಗೆ ನಾನೇ ಹೇಳಿದೆ. ಅವನು "ಈಗ ಬ್ಯಾಡ್ರಿ ಅಣ್ಣಾ" ಎಂದ. ನಾನು ಬಿಡಲಿಲ್ಲ. ಬಿದ್ದವನು ಎದ್ದದ್ದನ್ನು ಮಂದಿ ನೋಡಬೇಕಲ್ಲ ಅನ್ನುವುದು ನನ್ನ ವಾದ. ಅವನು ನಿಂತು "ನಾನೂ ಜಾರಿದ್ದೆ, ಕರ್ತನು ಎತ್ತಿದನು" ಎಂದು ಯಾವುದನ್ನೂ ಬಿಡಿಸಿ ಹೇಳದೆ ಎರಡು ಮಾತು ಆಡಿದ. ಜನ ಹಲ್ಲೆಲೂಯಾ ಎಂದರು. ಐಪಿಎಲ್ ಮಾರ್ಚ್ 31ಕ್ಕೇ ಶುರುವಾಗಿತ್ತು. ಸಾಕ್ಷಿ ಹೇಳಿದ ರಾತ್ರಿಯೇ ಅವನು ಒಬ್ಬ ಹುಡುಗನ ಮೂಲಕ ಪಂದ್ಯದ ಮೇಲೆ ದುಡ್ಡು ಕಟ್ಟಿದ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಯಾಕೆ ಅವತ್ತೇ ಎಂದು ಆಮೇಲೆ ಕೇಳಿದೆ. "ಸುಳ್ಳು ಹೇಳಿ ಬಂದಿದ್ದೆರಿ. ಇನ್ನ ಏನ್ ಉಳದದ ಅನಸ್ತು" ಎಂದ.

ಎರಡನೇ ಸಲ

ಮೇ ಮೂರನೇ ವಾರ. ರಾತ್ರಿ ಹನ್ನೊಂದಕ್ಕೆ ಅವನ ಹೆಂಡತಿಯ ಫೋನು. ಅವನು ಮನೆಗೆ ಬಂದಿಲ್ಲ. ಅವಳ ಬೋರಮಾಳ ಸರ ಕಪಾಟಿನಲ್ಲಿ ಇಲ್ಲ. ಸರ 60,000 ರೂಪಾಯಿಗೆ ಬ್ಯಾಂಕಿನಲ್ಲಿ ಅಡ ಇಟ್ಟಾಗಿತ್ತು. ಅವನು ಗಾಡಿ ಹತ್ತಿ ಕಾರಂಜಾ ಡ್ಯಾಮಿನ ಕಡೆ ಹೋಗಿದ್ದ. ಅಲ್ಲಿ ಏನು ಯೋಚಿಸಿದ ಎನ್ನುವುದನ್ನು ಬರೆಯುವುದಿಲ್ಲ. ಬೆಳಿಗ್ಗೆ ತಾನಾಗಿ ವಾಪಸ್ ಬಂದ. ಯಾಕೆ ಬಂದೆ ಎಂದರೆ, ಒಬ್ಬ ಗಿರಾಕಿ ಗೇಟಿಗೆ ಅಡ್ವಾನ್ಸ್ ಕೊಟ್ಟಿದ್ದ, ಕೆಲಸ ಅರ್ಧಕ್ಕೆ ನಿಂತಿತ್ತು ಎಂದ. ಆ ಗಿರಾಕಿ ಯಾರೋ ನನಗೆ ಗೊತ್ತಿಲ್ಲ. ಅವನಿಗಾಗಿ ದೇವರಿಗೆ ಸ್ತೋತ್ರ ಮಾಡಿದ್ದೇನೆ.

ಅವತ್ತು ಬೈಬಲ್ ತೆಗೆಯಲಿಲ್ಲ. ಅವನನ್ನು ಬೀದರ್‌ನ ಸರ್ಕಾರಿ ವೈದ್ಯಕೀಯ ಕಾಲೇಜು ಬ್ರಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದೆ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಡಾಕ್ಟರರು ಮಾತ್ರೆ ಬರೆದರು, ಮಾತಾಡಿಸಿದರು, ಮತ್ತೆ ಬರಲು ಹೇಳಿದರು. ರಾತ್ರಿ ಹೊತ್ತಿಗೆ ಬೇಕಾದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವನ ಹೆಂಡತಿ ಹೊಲಿಗೆ ಯಂತ್ರದ ಮೇಲೆ ಚೀಟಿ ಅಂಟಿಸಿದಳು. ಇದರಿಂದ ನಂಬಿಕೆ ಕಡಿಮೆ ಆಯಿತು ಎಂದು ಒಂದಿಬ್ಬರು ಗೊಣಗಿದರು. ಕಣ್ಣಿಗೆ ಕಿಡಿ ಬಿದ್ದಾಗ ಅವನು ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದ, ಆಗ ಯಾರೂ ಗೊಣಗಿರಲಿಲ್ಲ.

ಕಮಿಟಿ ಕೂಡಿತು. ಒಬ್ಬ ಹಿರಿಯರು ಹೇಳಿದರು: "ಸಭಿ ದುಡ್ಡು ಬಂದದಲ್ಲ. ಈಗಿಂದು ಅವನ ಮನಿ ವಿಷಯ. ನಮಗೇನು?"

ಆ ಮಾತನ್ನು ನಾನು ಮೊದಲೂ ಕೇಳಿದ್ದೆ. ಎಲ್ಲಿ ಎಂದು ನೆನಪಾಗಲು ಎರಡು ದಿನ ಬೇಕಾಯಿತು. ಬೈಬಲಿನಲ್ಲಿ, ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯ. ಯೇಸುವನ್ನು ಹಿಡುಕೊಟ್ಟ ಶಿಷ್ಯ ಯೂದ, ಅದಕ್ಕೆ ಸಿಕ್ಕ ಮೂವತ್ತು ಬೆಳ್ಳಿ ನಾಣ್ಯ ವಾಪಸ್ ತಂದು, ನಿರಪರಾಧಿಯನ್ನು ಹಿಡುಕೊಟ್ಟು ಪಾಪ ಮಾಡಿದೆ ಎನ್ನುತ್ತಾನೆ. ದುಡ್ಡೂ ಕೊಟ್ಟ, ತಪ್ಪೂ ಒಪ್ಪಿದ. ಯಾಜಕರು ಏನೆಂದರು? ಅದು ನಮಗೇನು, ನೀನೇ ನೋಡಿಕೋ. ಯೂದನದು ಬರೀ ದುಃಖ, ಕೋಳಿ ಕೂಗುವ ಮೊದಲು ಮೂರು ಸಲ ಯೇಸುವನ್ನು ಅರಿಯೆ ಎಂದು ಆಮೇಲೆ ಅತ್ತ ಶಿಷ್ಯ ಪೇತ್ರನದು ನಿಜವಾದ ಪಶ್ಚಾತ್ತಾಪ ಎಂದು ನಾವು ಪ್ರಸಂಗ ಮಾಡುತ್ತೇವೆ. ಸರಿ ಇರಬಹುದು. ಆದರೆ ಯೂದ ತಟ್ಟಿದ್ದು ಯಾರ ಬಾಗಿಲು, ಪೇತ್ರ ಉಳಿದದ್ದು ಯಾರ ಜೊತೆ, ಅದನ್ನೂ ನೋಡಬೇಕು. ಪೇತ್ರ ಮೀನು ಹಿಡಿಯಲು ಹೋಗುತ್ತೇನೆ ಎಂದಾಗ ಉಳಿದವರು ನಾವೂ ಬರುತ್ತೇವೆ ಎಂದರು. ಅಷ್ಟೇ ಅವರು ಮಾಡಿದ್ದು.

ಕೆಂಡದ ಹತ್ತಿರ

ಪೇತ್ರನ ಕತೆಯನ್ನು ಅವನಿಗಾಗಿ ಮತ್ತೆ ಓದಲು ಕೂತೆ. ನನಗಾಗಿಯೇ ಓದಿದಂತಾಯಿತು. ಯೋಹಾನನ ಸುವಾರ್ತೆಯಲ್ಲಿ ಕೆಂಡದ ಬೆಂಕಿ ಎರಡು ಸಲ ಬರುತ್ತದೆ. 18ನೇ ಅಧ್ಯಾಯದಲ್ಲಿ ಮಹಾಯಾಜಕನ ಅಂಗಳದ ಕೆಂಡ. ಪೇತ್ರ ಅಲ್ಲಿ ಚಳಿ ಕಾಯಿಸುತ್ತಲೇ ಯೇಸುವನ್ನು ಅರಿಯೆ ಎಂದ. 21ನೇ ಅಧ್ಯಾಯದಲ್ಲಿ ಕೆರೆದಂಡೆಯ ಕೆಂಡ, ಯೇಸು ತಾನೇ ಹೂಡಿದ್ದು. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಗ್ರೀಕಿನಲ್ಲಿ ಕೆಂಡದ ಬೆಂಕಿಗಿರುವ ಆ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಜಾಗದಲ್ಲಿದೆ. ಊಟ ಆದ ಮೇಲೆ ಮೂರು ಪ್ರಶ್ನೆ. ಯಾಕೆ ಹಾಗೆ ಮಾಡಿದೆ ಎಂದು ಆತನು ಕೇಳಲಿಲ್ಲ. ಎದ್ದು ನಿಂತು ಸಾಕ್ಷಿ ಹೇಳು ಅನ್ನಲೂ ಇಲ್ಲ. ನಾನು ಊಟ ಹಾಕುವ ಮೊದಲೇ ಮೈಕು ಕೊಟ್ಟಿದ್ದೆ.

ಅವನನ್ನು ಮನೆಗೆ ಕರೆದೆ. ನನ್ನ ಹೆಂಡತಿ ಜೋಳದ ರೊಟ್ಟಿ, ಪುಂಡಿ ಪಲ್ಯ ಮಾಡಿದ್ದಳು. ಅವನು ನಾಲ್ಕು ರೊಟ್ಟಿ ತಿಂದ, ಮಾತು ಏನೂ ಆಡಲಿಲ್ಲ. ಹೋಗುವಾಗ ಗಲಾತ್ಯದವರಿಗೆ ಬರೆದ ಪತ್ರದ ಒಂದು ವಿಷಯ ಹೇಳಿದೆ. ತಪ್ಪಿನಲ್ಲಿ ಸಿಕ್ಕಿದವನನ್ನು ಮೆತ್ತಗಿನ ಮನಸ್ಸಿನಿಂದ ಸರಿಮಾಡಿರಿ ಎಂದು ಅಲ್ಲಿದೆ. ಮೀನುಗಾರರು ಬಲೆ ಸರಿಮಾಡುತ್ತಿದ್ದರು ಎಂದು ಮಾರ್ಕನು ಹೇಳುವಾಗಲೂ ಗ್ರೀಕಿನಲ್ಲಿ ಅದೇ ಪದ. ಅವನು ಸ್ವಲ್ಪ ಹೊತ್ತು ಸುಮ್ನೆ ನಿಂತ.

"ಬಲಿ ನನಗ ಗೊತ್ತಿಲ್ರಿ. ತುಕ್ಕಿನ ಮ್ಯಾಲ ವೆಲ್ಡಿಂಗ್ ಹಿಡಿಯಲ್ಲ, ಅದು ಗೊತ್ತದ. ಮೊದಲ ಗ್ರೈಂಡರ್ ಹೊಡೀಬೇಕು. ನೀವು ಫೆಬ್ರವರಿದಾಗ ಪೇಂಟ್ ಹೊಡದ್ರಿ ಅಣ್ಣಾ. ನಾನೂ ಹೊಡಸ್ಕೊಂಡೆ."

ಸೋಮವಾರಗಳು

ಜೂನ್‌ನಿಂದ ಪ್ರತಿ ಸೋಮವಾರ ಸಂಜೆ ಶಟರ್ ಅರ್ಧ ಎಳೆದು ಅವನ ಅಂಗಡಿಯಲ್ಲೇ ಮೂವರು ಕೂತೆವು. ಮೂರನೆಯವರು ಒಬ್ಬ ನಿವೃತ್ತ ಮೇಷ್ಟ್ರು. ಜಾಸ್ತಿ ಮಾತಾಡುವವರಲ್ಲ, ಅದಕ್ಕೇ ಕರೆದದ್ದು. ಇದು ನಮ್ಮ ಹೊಸ ಉಪಾಯವೇನಲ್ಲ. ಮೆಥೋಡಿಸ್ಟ್ ಪಂಗಡವನ್ನು ಶುರು ಮಾಡಿದ ಜಾನ್ ವೆಸ್ಲಿಯ ಕಾಲದಲ್ಲಿ, 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಮೆಥೋಡಿಸ್ಟರಿಗೆ ಕಟ್ಟಡದ ಸಾಲ ಇತ್ತು. ತಲಾ ವಾರಕ್ಕೊಂದು ಪೆನ್ನಿ ಕೂಡಿಸಲು ಹನ್ನೆರಡು ಮಂದಿಗೆ ಒಬ್ಬ ಮುಖಂಡನನ್ನು ಇಟ್ಟರು. ದುಡ್ಡು ಕೇಳಲು ಮನೆಮನೆಗೆ ಹೋದವನಿಗೆ ಯಾರ ಬಾಳು ಹೇಗಿದೆ ಎಂಬುದೂ ಕಂಡಿತು. ಕ್ಲಾಸ್ ಮೀಟಿಂಗ್ ಹುಟ್ಟಿದ್ದು ಹಾಗೆ. ನಾನೂ ಕ್ಲಾಸ್ ಲೀಡರ್ ಎಂದು ಇಪ್ಪತ್ತು ವರ್ಷದಿಂದ ಕರೆಸಿಕೊಂಡಿದ್ದೇನೆ. ಕಾಣಿಕೆ ಕವರ್ ಹಂಚುವುದನ್ನು ಬಿಟ್ಟು ಬೇರೆ ಕೆಲಸ ಮಾಡಿರಲಿಲ್ಲ.

ಮೂರೇ ಪ್ರಶ್ನೆ. ಈ ವಾರ ಆಡಿದ್ಯಾ? ಯಾರಿಗಾದರೂ ಸುಳ್ಳು ಹೇಳಿದ್ಯಾ? ಪ್ರಾರ್ಥನೆ ಆಯ್ತಾ? ಅದೇ ಪ್ರಶ್ನೆಗಳಿಗೆ ನಾವಿಬ್ಬರೂ ಉತ್ತರ ಕೊಡಬೇಕು ಎಂದು ಎರಡನೇ ವಾರ ಅವನೇ ಷರತ್ತು ಹಾಕಿದ. ಮೊದಲನೆಯದು ನಮಗೆ ಸುಲಭ. ಎರಡನೆಯದರಲ್ಲಿ ಮೇಷ್ಟ್ರೂ ನಾನೂ ಸಿಕ್ಕಿಬಿದ್ದೆವು.

ಮೂರನೆಯದಕ್ಕೆ ಮೂರು ತಿಂಗಳು ಅವನ ಉತ್ತರ ಒಂದೇ: ಇಲ್ಲ. "ಬಾಯಿ ಬರವಲ್ದು" ಎನ್ನುತ್ತಿದ್ದ. ಯಾವ ಮುಖ ಇಟ್ಟುಕೊಂಡು ಕೇಳಲಿ, ಮೊದಲು ಒಂದು ವರ್ಷ ಸ್ವಚ್ಛ ಇದ್ದು ಆಮೇಲೆ ದೇವರ ಹತ್ತಿರ ಹೋಗುತ್ತೇನೆ ಅನ್ನುವುದು ಅವನ ಲೆಕ್ಕ. ಇದೇ ಈ ಪ್ರಕರಣದ ಗಂಟು ಎಂದು ನನಗೆ ಅನಿಸುತ್ತದೆ. ಜೂಜಿಗಿಂತ ಇದು ಅವನನ್ನು ಜಾಸ್ತಿ ದೂರ ಎಳೆದಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದಾಗ ನನ್ನ ಎಲುಬುಗಳು ಸವೆದುಹೋದವು ಎಂದು 32ನೇ ಕೀರ್ತನೆಯಲ್ಲಿ ದಾವೀದ ಹೇಳುತ್ತಾನಲ್ಲ, ಆ ಮಾತಿನ ಅರ್ಥ ಈ ತಮ್ಮನ ಮುಖದಲ್ಲಿ ಕಂಡೆ. ಆರು ಕಿಲೋ ಇಳಿದಿದ್ದ.

ಮೇಷ್ಟ್ರು ಒಂದು ಸೋಮವಾರ ಲೂಕನ 22ನೇ ಅಧ್ಯಾಯ ತೆಗೆದರು. ಸೈತಾನನು ನಿಮ್ಮನ್ನು ಗೋಧಿಯಂತೆ ಒನೆಯಲು ಕೇಳಿಕೊಂಡಿದ್ದಾನೆ, ಆದರೆ ನಿನ್ನ ನಂಬಿಕೆ ಕುಂದಬಾರದೆಂದು ನಾನು ನಿನಗಾಗಿ ಬೇಡಿಕೊಂಡಿದ್ದೇನೆ ಎಂದು ಯೇಸು ಪೇತ್ರನಿಗೆ ಹೇಳುವ ಜಾಗ. "ಇದು ಯಾವಾಗ ಹೇಳಿದ್ದು ನೋಡು" ಎಂದರು ಮೇಷ್ಟ್ರು. ಕೋಳಿ ಕೂಗುವುದಕ್ಕೆ ಮೊದಲು. ಪೇತ್ರ ಇನ್ನೂ ಬಿದ್ದಿಲ್ಲ, ಬೀಳುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದಾನೆ. ಪ್ರಾರ್ಥನೆ ಆಗಲೇ ಆಗಿಹೋಗಿದೆ. ಇನ್ನೊಂದು ಸೂಕ್ಷ್ಮ ಇದೆ. ಅವನು ಬೀಳಬಾರದು ಎಂದು ಆತನು ಬೇಡಿದ್ದು ಅಲ್ಲಿ ಇಲ್ಲ. ನಂಬಿಕೆ ಕುಂದಬಾರದು ಎಂದು ಬೇಡಿದನು. ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಬಲಪಡಿಸು ಎಂಬ ಕೆಲಸವನ್ನೂ ಆಗಲೇ ಒಪ್ಪಿಸಿದನು.

ತಮ್ಮ ಅದನ್ನು ಎರಡು ಸಲ ಓದಿಸಿಕೊಂಡ. "ಅಂದ್ರ ನಾ ಕಪಾಟ ತೆಗಿಯೋ ಮೊದಲೇ?" ಎಂದ. ಮೇಷ್ಟ್ರು ಹೂಂ ಎಂದರು. ಅವತ್ತು ಕೂಡ ಅವನು ಪ್ರಾರ್ಥಿಸಲಿಲ್ಲ. ಮುಂದಿನ ವಾರ ಮೂರನೇ ಪ್ರಶ್ನೆಗೆ "ಒಂದ್ ಮಾತು" ಎಂದ. ಯಾವ ಮಾತು ಎಂದು ನಾವು ಕೇಳಲಿಲ್ಲ.

ದುಡ್ಡಿನ ಲೆಕ್ಕ

ಡಬ್ಬಿ ತುಂಬಿಸಿದ್ದ ಅನುಕೂಲಸ್ಥರು ವಾಪಸ್ ಏನೂ ಬೇಡ ಎಂದರು. ತಮ್ಮ ಒಪ್ಪಲಿಲ್ಲ. ಬೈಬಲಿನ ಅರಣ್ಯಕಾಂಡದ 5ನೇ ಅಧ್ಯಾಯದಲ್ಲಿ, ತಪ್ಪು ಮಾಡಿದವನು ಅರಿಕೆ ಮಾಡಿ, ಪೂರಾ ದುಡ್ಡಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಎಂದಿದೆ. 35,000ಕ್ಕೆ ಐದನೇ ಒಂದು ಪಾಲು 7,000. ಒಟ್ಟು 42,000. ಅಸಲು ಆ ಅನುಕೂಲಸ್ಥರಿಗೆ, ಏಳು ಸಾವಿರ ಸಭೆಗೆ ಎಂದು ತೀರ್ಮಾನ ಆಯಿತು. ಯೇಸುವನ್ನು ಕಂಡ ಸುಂಕದವನು ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎಂದಿದ್ದನಲ್ಲ ಎಂದು ಒಬ್ಬರು ಕುಟುಕಿದರು. ಜಕ್ಕಾಯ ಶ್ರೀಮಂತ, ಇವನು ಗ್ರಿಲ್ ಮಾಡುವವನು ಎಂದು ಪಾಸ್ಟರ್ ಅಯ್ಯನವರು ಮೊದಲ ಬಾರಿ ಗಟ್ಟಿಯಾಗಿ ಮಾತಾಡಿದರು.

ತಿಂಗಳಿಗೆ ಐದು ಸಾವಿರ ಎಂದು ಬರೆದುಕೊಂಡೆವು. ಆ ಕಾಗದ ನೋಡಿ ಅವನ ಹೆಂಡತಿ ನಮ್ಮ ಮನೆಗೆ ಬಂದಳು.

"ಅಣ್ಣಾ, ದೇವರು ಕ್ಷಮಿಸ್ಯಾನ, ಸಭಿನೂ ಕ್ಷಮಿಸ್ಯಾದ. ನನ್ನ ಬಂಗಾರ ಮಾತ್ರ ಬ್ಯಾಂಕಿನಾಗೇ ಅದ. ಸಭಿ ದುಡ್ಡು ಮುಂದ, ಹೆಂಡ್ತಿ ಬಂಗಾರ ಹಿಂದ. ಇದು ಯಾವ ಬೈಬಲ್‌ನಾಗ ಅದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳನ್ನು ಮೊದಲೂ ಕೇಳದೆ ಬಿಟ್ಟಿದ್ದೆವು, ಈಗಲೂ ಕೇಳಿರಲಿಲ್ಲ. ಕಾಗದ ಹರಿದು ಹೊಸದಾಗಿ ಬರೆದೆವು. ತಿಂಗಳಿಗೆ ಮೂರು ಸಾವಿರ ಆ 42,000ಕ್ಕೆ, ಎರಡು ಸಾವಿರ ಬ್ಯಾಂಕಿಗೆ. ಅಂಗಡಿಯ ದುಡ್ಡು ಅವಳ ಕೈಯಲ್ಲಿ. ಅವನಿಗೆ ಬಟನ್ ಫೋನು. 2023ರ ಜುಲೈನಿಂದ 2024ರ ಆಗಸ್ಟ್‌ವರೆಗೆ, ಹದಿನಾಲ್ಕು ತಿಂಗಳಲ್ಲಿ 42,000 ಮುಗಿಯಿತು. ಎರಡು ಸಲ ತಿಂಗಳ ಕೊನೆಗೆ ಅವಳು ಹೊಲಿಗೆಯ ದುಡ್ಡು ಸೇರಿಸಿದ್ದಳು. ಬಂಗಾರ ಬಿಡಿಸುವುದು ಇನ್ನೂ ನಡೆದೇ ಇತ್ತು. ಅವಳ ನಂಬಿಕೆ ಪೂರ್ತಿ ವಾಪಸ್ ಬಂದಿದೆ ಎಂದು ನಾನು ಬರೆದಿದ್ದೆ. ಅವಳು ಹೊಡೆದು ಹಾಕಿಸಿದ ಎರಡು ಸಾಲುಗಳಲ್ಲಿ ಅದು ಒಂದು.

ಹಾಡಿನ ಗುಂಪಿಗೆ ಅವನನ್ನು ನಾವು ಕರೆಯಲಿಲ್ಲ, ಅವನೂ ಕೇಳಲಿಲ್ಲ. ಹೊಸ ವರ್ಷದ ಒಡಂಬಡಿಕೆ ಆರಾಧನೆ ವೆಸ್ಲಿ 1755ರಲ್ಲಿ ಶುರು ಮಾಡಿದ್ದು. ಅದರ ಪ್ರಾರ್ಥನೆಯಲ್ಲಿ, ನಿನಗಾಗಿ ಕೆಲಸಕ್ಕೆ ಹಚ್ಚು, ಇಲ್ಲವೇ ನಿನಗಾಗಿಯೇ ಬದಿಗಿಡು ಎಂಬ ಅರ್ಥದ ಮಾತಿದೆ. ವರ್ಷಾ ವರ್ಷ ಬಾಯಿಪಾಠ ಒಪ್ಪಿಸಿದ್ದೆ. 2024ರ ಜನವರಿಯಲ್ಲಿ ಅವನು ನನ್ನ ಪಕ್ಕ ನಿಂತು ಅದನ್ನು ಓದಿದ. ಬದಿಗಿಡು ಎನ್ನುವಲ್ಲಿ ಅವನ ದನಿ ಸ್ವಲ್ಪವೂ ನಡುಗಲಿಲ್ಲ. ನಡುಗಿದ್ದು ನನ್ನದು.

ಮೂರನೇ ಸಲ

2024ರ ಐಪಿಎಲ್ ದಾಟಿದ. ಆ ಎರಡು ತಿಂಗಳು ಸೋಮವಾರದ ಜೊತೆ ಗುರುವಾರವೂ ಕೂತೆವು. ದೀಪಾವಳಿ ಬಂತು. ಹಬ್ಬದ ರಾತ್ರಿ ಅಂಗಡಿ ಪಕ್ಕದವರು ಇಸ್ಪೀಟು ಹಾಕಿಕೊಂಡು ಕೂತಿದ್ದರು. ಒಂದು ಕೈ ಹಾಕು ಬಾ ಎಂದರು. ಕೂತ. ಇನ್ನೂರು ರೂಪಾಯಿ ಹೋಯಿತು.

ಇದನ್ನು ಸೋಲು ಎಂದು ಬರೆಯಬೇಕೋ ಏನೆಂದು ಬರೆಯಬೇಕೋ ಎಂದು ಯೋಚಿಸಿದ್ದೇನೆ. ಮೊದಲ ಸಲ ಬಿದ್ದು ಹೇಳಲು ಅವನಿಗೆ ಮೂರು ತಿಂಗಳು ಬೇಕಾಯಿತು. ಎರಡನೇ ಸಲ ಆರು ವಾರ, ಅದೂ ಸಿಕ್ಕಿಬಿದ್ದ ಮೇಲೆ. ಈ ಸಲ ಹನ್ನೊಂದೂವರೆಗೆ ಎದ್ದು ಬಂದಿದ್ದಾನೆ. ಮೊದಲು ಹೆಂಡತಿಗೆ ಹೇಳಿದ್ದಾನೆ. ಹನ್ನೆರಡಕ್ಕೆ ನನ್ನ ಫೋನು ಹೊಡೆಯಿತು.

"ಅಣ್ಣಾ, ಎದ್ದೀರೇನ್ರಿ?"

"ಎದ್ದೀನಿ."

"ಮೊದಲನೇ ಪ್ರಶ್ನೆಗಿ ಹೂಂ ಅಂತ ಬರಕೋರಿ."

"ಮೂರನೇದಕ್ಕ?"

"ಅದನೂ ಆಯ್ತು. ಗಾಡಿ ಮ್ಯಾಲೇ ಆಯ್ತು. ಬಾಗಿಲ ತೆಗೀರಿ, ಹೊರಗೇ ನಿಂತೀನಿ. ಇಕಿನೂ ಬಂದಾಳ."